ಬಿಟ್ಟು ಹೋಗುವ ಸಾಮಾನು

ನಮ್ಮ ಮನೆಯ ಅಟ್ಟದಲ್ಲಿ ಒಂದು ಶೂ ಉಂಟು. ಒಂದು ಅಂದರೆ ಒಂದೇ, ಎಡಗಾಲಿನದ್ದು. ಕ್ಯಾನ್ವಾಸಿನದ್ದು. ಹಿಂದೆ ಕಂದು ಬಣ್ಣ ಇತ್ತು, ಈಗ ಬಣ್ಣದ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ಅದರ ಹೊಟ್ಟೆಯೊಳಗೆ ಮೊಳೆ, ತುಕ್ಕು ಹಿಡಿದ ಕೀಲಿಕೈ, ಯಾವ ಕಾಲದ್ದೋ ಒಂದು ಸೈಕಲ್ ಬೆಲ್ಲಿನ ಮುಚ್ಚಳ ಇತ್ಯಾದಿ ಸೇರಿಕೊಂಡಿವೆ. ಪ್ರತಿ ವರ್ಷ ರಂಜಾನಿನ ಮೊದಲು ಮನೆ ಗುಡಿಸಿ ಒರೆಸುವಾಗ ನನ್ನ ಹೆಂಡತಿ ಮೈಮೂನ ಅದನ್ನು ಕಸದ ಬುಟ್ಟಿಗೆ ಹಾಕುತ್ತಾಳೆ. ನಾನು ಹೋಗಿ ಹೆಕ್ಕಿಕೊಂಡು ಬರುತ್ತೇನೆ. "ಒಂದು ಕಾಲಿನ ಶೂ ಇಟ್ಟುಕೊಂಡು ನೀವು ಎಲ್ಲಿಗೆ ಹೋಗುದು ಮಾರಾಯ್ರೆ?" ಎಂದು ಅವಳು ಕೇಳುತ್ತಾಳೆ. ಈ ವರ್ಷವೂ ಕೇಳಿದಳು. ಇಷ್ಟು ವರ್ಷ ನಾನು ಉತ್ತರ ಹೇಳದೆ ತಪ್ಪಿಸಿಕೊಂಡಿದ್ದೆ. ಈ ಸಲ ಕೂತು ಹೇಳಿದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಅವಸರ ಇದ್ದವರು ಎದ್ದು ಹೋಗಬಹುದು.

ನನ್ನ ಬಾಪನಿಗೆ ಪುತ್ತೂರಿನ ಪೇಟೆಯಲ್ಲಿ ಕಾಡುತ್ಪತ್ತಿಯ ಅಂಗಡಿ ಇತ್ತು. ಸೀಗೆಕಾಯಿ, ರಾಮಪತ್ರೆ, ಜೇನು, ಬೆತ್ತ. ಸಾಮಾನು ಅಂಗಡಿಗೆ ತಾನಾಗಿ ಬರುತ್ತಿತ್ತು, ತರುವವರು ಬೇಕಾದಷ್ಟು ಇದ್ದರು. ಆದರೂ ವರ್ಷಕ್ಕೊಮ್ಮೆ ಬಾಪ ತಾವೇ ಕಾಡಿಗೆ ಹೋಗಬೇಕು. ಕಡಬದಿಂದ ಆಚೆ ನಡೆದು, ಘಟ್ಟದ ಬುಡದ ಕಾಡು ಹೊಕ್ಕು, ಹುಲ್ಲುಗುಡ್ಡೆಯ ನೆತ್ತಿ ಹತ್ತಿ, ದಿನಗಟ್ಟಲೆ ಅಲ್ಲೇ ಇದ್ದು ಬರುತ್ತಿದ್ದರು. ಜೊತೆಗೆ ಸುಳ್ಯದ ಕಡೆಯ ಕುಶಾಲಪ್ಪ ಗೌಡರು. "ಮರದಲ್ಲಿ ರಾಮಪತ್ರೆ ಎಷ್ಟು ಬಿಟ್ಟಿದೆ ಅಂತ ಕಣ್ಣಲ್ಲಿ ನೋಡದೆ ವ್ಯಾಪಾರ ಮಾಡುದು ಹೇಗೆ?" ಎಂದು ಬಾಪ ಕಾರಣ ಕೊಡುತ್ತಿದ್ದರು. ಅದು ಕಾರಣವಲ್ಲ, ನೆಪ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಡಿನ ಹುಚ್ಚು ಹಿಡಿದವನಿಗೆ ಕಾರಣ ಸಿಕ್ಕದೆ ಹೋಗುವುದುಂಟೇ?

ಬಾಪನ ಗಂಟು ಕಟ್ಟುವವಳು ನನ್ನ ತಾಯಿ, ಉಮ್ಮ. ಉಮ್ಮ ಕಾಡು ನೋಡಿದವಳಲ್ಲ. ಮದುವೆಯಾಗಿ ಬಂದ ಮೇಲೆ ಸವಣೂರಿನ ತವರುಮನೆ ಬಿಟ್ಟರೆ ಬೇರೆ ಊರಿಗೆ ಹೋದದ್ದೇ ಕಡಿಮೆ. ಆದರೆ ತಿರುಗಿ ಬಂದ ಬಟ್ಟೆ ಒಗೆಯುವವಳು ಅವಳಲ್ಲವೇ? ಮುಂಡಿನ ಅಂಚಿಗೆ ಹತ್ತಿದ ಮಣ್ಣು ನೋಡಿ, "ಈ ಸಲ ತೋಡಿನ ಬದಿಯಲ್ಲಿ ಮಲಗಿದ್ದೀರಿ" ಎನ್ನುತ್ತಿದ್ದಳು. ಮಡಿಕೆಯಲ್ಲಿ ರಕ್ತದ ಕಲೆ ಕಂಡರೆ ಮುಂದಿನ ವರ್ಷದ ಗಂಟಿನಲ್ಲಿ ಹೊಗೆಸೊಪ್ಪು ಸುಣ್ಣದ ಕಟ್ಟು ದೊಡ್ಡದಾಗುತ್ತಿತ್ತು. ರಕ್ತ ಹೀರುವ ಇಂಬಳಕ್ಕೆ ಅದೇ ಮದ್ದು. ಬೆಂಕಿಪೊಟ್ಟಣ ಒಂದು ಸಲ ಒದ್ದೆಯಾಗಿ ಬಂತು. ಮರುವರ್ಷದಿಂದ ಅದು ಬಿದಿರಿನ ಅಂಡೆಯೊಳಗೆ, ಬಾಯಿಗೆ ಮೇಣ ಮೆತ್ತಿಸಿಕೊಂಡು ಹೋಯಿತು. ಹುರಿದ ಅಕ್ಕಿಹುಡಿಗೆ ಬೆಲ್ಲ ತೆಂಗಿನಕಾಯಿ ಬೆರೆಸಿದ ಉಂಡೆ, ಉಪ್ಪು, ಹುಣಸೆ, ಗಾಂಧಾರಿ ಮೆಣಸು, ಒಂದು ಕಂಬಳಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಇಷ್ಟೇ. ಉಮ್ಮ ಒಂದು ಕೈಯಲ್ಲಿ ಎತ್ತಿ ತೂಗಿ ನೋಡಿ, "ಹ್ಞೂ" ಎಂದರೆ ಗಂಟು ಪಾಸಾದ ಹಾಗೆ.

ಆದರೆ ಆ ಗಂಟಿನಲ್ಲಿ ಒಂದು ಅನವಶ್ಯಕ ವಸ್ತು ಇರುತ್ತಿತ್ತು. ಬಿಳಿ ಶರ್ಟು. ಅದನ್ನು ಉಮ್ಮ ನೀಲಿ ಹಾಕಿ ಒಗೆದು, ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿ ಮಾಡಿ, ಮಡಿಕೆಯ ನಡುವೆ ಲಾವಂಚದ ಬೇರು ಇಟ್ಟು, ಗಂಟಿನ ಮೇಲುಭಾಗದಲ್ಲಿ ಕಟ್ಟುತ್ತಿದ್ದಳು. "ಕಾಡಿನಲ್ಲಿ ಯಾರಾದರೂ ಮನುಷ್ಯರು ಸಿಕ್ಕಿದರೆ ನೀವು ಮನುಷ್ಯರ ಹಾಗೆ ಕಾಣಬೇಕಲ್ಲ!" ಬಾಪ ತುಟಿಪಿಟಕ್ಕೆನ್ನದೆ ಹೊತ್ತುಕೊಂಡು ಹೋಗುತ್ತಿದ್ದರು. ತಿರುಗಿ ಬಂದಾಗ ಬೇರೆಲ್ಲ ಬಟ್ಟೆ ಚಿಂದಿ, ಶರ್ಟು ಮಾತ್ರ ಕಟ್ಟಿಕೊಟ್ಟ ಹಾಗೆಯೇ, ಮಡಿಕೆ ಒಂದಿಷ್ಟೂ ಕದಲದೆ ಇರುತ್ತಿತ್ತು. ಪ್ರತಿ ವರ್ಷ ಇದೇ ಜಗಳ. "ನಾನು ಕೈ ಸುಟ್ಟುಕೊಂಡು ಇಸ್ತ್ರಿ ಮಾಡುದು, ನೀವು ಒಂದು ದಿನ ಮೈಗೆ ಹಾಕುದಿಲ್ಲ." ಬಾಪ ಮೀಸೆಯಡಿಯಲ್ಲಿ ನಗುತ್ತಿದ್ದರು. ಆ ನಗು ನೋಡಿದರೆ ಉಮ್ಮನಿಗೆ ಇನ್ನಷ್ಟು ಸಿಟ್ಟು.

ಇನ್ನೊಂದು ಜಗಳ ಹೂವಿನದ್ದು. ಆ ಗುಡ್ಡೆಯ ನೆತ್ತಿಯಲ್ಲಿ ಗುರುಗಿ ಎಂಬ ಗಿಡ ಉಂಟು. ಎಷ್ಟೋ ವರ್ಷ ಸುಮ್ಮನೆ ಹಸುರಾಗಿದ್ದು, ಒಂದು ವರ್ಷ ಇದ್ದಕ್ಕಿದ್ದಂತೆ ಎಲ್ಲ ಗಿಡಗಳೂ ಒಟ್ಟಿಗೆ ಹೂ ಬಿಡುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಎಂದು ಕೆಲವರು, ಹದಿನಾಲ್ಕು ಎಂದು ಕೆಲವರು. ಬಾಪ ಕಿರಿ ವಯಸ್ಸಿನಿಂದಲೇ ಅದನ್ನು ನೋಡಿದವರು. "ಗುಡ್ಡೆಗೆ ಗುಡ್ಡೆಯೇ ನೀಲಿ. ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯ್ತು ಅಂತ ಗೊತ್ತಾಗುದಿಲ್ಲ" ಎಂದು ಹೇಳುವಾಗ ಅವರ ಸ್ವರ ತಗ್ಗುತ್ತಿತ್ತು. ಉಮ್ಮ ನಂಬುತ್ತಿರಲಿಲ್ಲ. "ಬೆತ್ತದ ಅಳತೆಯನ್ನೇ ಗೇಣು ಹೆಚ್ಚು ಹೇಳುವ ವ್ಯಾಪಾರಿಯ ಮಾತು!" ಎನ್ನುತ್ತಿದ್ದಳು. ಆದರೆ ಮತ್ತೆ ಮತ್ತೆ ಕೇಳುತ್ತಿದ್ದಳು. ನಂಬದ ಸುಳ್ಳನ್ನು ಯಾರಾದರೂ ಅಷ್ಟು ಸಲ ಕೇಳುತ್ತಾರೆಯೇ?

ಅವಳಿಗೆ ಅದನ್ನು ನೋಡುವ ಆಸೆ ಇತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೂ ಬಿಟ್ಟಿತ್ತು, ಅತ್ತೆ ಬಿಡಲಿಲ್ಲ. ಮತ್ತೊಮ್ಮೆ ಬಿಟ್ಟಾಗ ನಾನು ಸಣ್ಣವ, ನನಗೆ ದಡಾರ ಎದ್ದಿತ್ತು. ಗಂಟು ಕಟ್ಟಿ ಇಟ್ಟವಳು ಅದನ್ನು ಬಿಚ್ಚಿ ನನ್ನ ತಲೆಯ ಬದಿಯಲ್ಲಿ ಕೂತಳಂತೆ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಮಳೆಗಾಲ ಮುಗಿಯುತ್ತ ಬಂದಾಗ, ಕುಶಾಲಪ್ಪ ಗೌಡರು ಅಂಗಡಿಗೆ ಬಂದು "ಸಾಹುಕಾರ್ರೆ, ಗುಡ್ಡೆ ಮೊಗ್ಗು ಕಟ್ಟಿದೆ" ಎಂದರು. ಬಾಪ ಆ ಸುದ್ದಿಯನ್ನು ಮನೆಗೆ ತಂದರು. ಉಮ್ಮ ಅಡುಗೆಕೋಣೆಯಿಂದ ಹೊರಗೆ ಬಂದು, ಕೈ ಒರೆಸಿಕೊಂಡು, "ಈ ಸಲ ನಾನು ಬರ್ತೇನೆ" ಎಂದಳು. ಕೇಳಿದ್ದಲ್ಲ, ಹೇಳಿದ್ದು. ಇನ್ನೊಂದು ಸಲಕ್ಕೆ ತನ್ನ ಮೊಣಕಾಲು ಕಾಯುವುದಿಲ್ಲ ಎಂದೂ ಸೇರಿಸಿದಳು.

ಹಾಗೆ ನಾನೂ ಹೊರಟೆ. ಶಾಲೆ ಮುಗಿಸಿ ಬಾಪನ ಅಂಗಡಿಯಲ್ಲಿ ಕೂತಿದ್ದ ಕಾಲ ಅದು, ಮೀಸೆ ಹೊಸತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಉಮ್ಮನ ಗಂಟನ್ನು ನೋಡಿ ನನಗೆ ನಗು ಬಂತು. ಕಾಡಿಗೆ ಹೋಗುವುದೆಂದರೆ ತಯಾರಿ ಬೇಡವೇ? ಪೇಟೆಯಲ್ಲಿ ಸುತ್ತಾಡಿ ಮೂರು ಸೆಲ್ಲಿನ ಟಾರ್ಚು ತಂದೆ. ಮಿಲಿಟರಿಯಿಂದ ಬಂದ ಗೆಳೆಯನ ಮಾವನ ನೀರಿನ ಬಾಟ್ಲಿ ತಂದೆ. ಹಲವು ಅಲಗಿನ ಚೂರಿ ತಂದೆ, ಅದರಲ್ಲಿ ಒಂದು ಅಲಗು ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ. ದಾರಿ ತಪ್ಪಿದರೆ ಊದಲು ಒಂದು ಸೀಟಿ. ಕನ್ನಡಿ, ಬಾಚಣಿಗೆ, ತಲೆಗೆ ಹಾಕುವ ಎಣ್ಣೆ. ಆನೆಗಳು ಕ್ರಾಪು ನೋಡಿ ಮೆಚ್ಚಬೇಕೆಂದು ಇದ್ದಿರಬೇಕು. ಎಲ್ಲಕ್ಕಿಂತ ಮೇಲೆ, ಕ್ಯಾನ್ವಾಸ್ ಶೂ. ನನ್ನ ಅಳತೆಯದ್ದು ಅಂಗಡಿಯಲ್ಲಿ ಮುಗಿದಿತ್ತು. "ಇದು ಸ್ವಲ್ಪ ಬಿಗಿ, ಹಾಕಿ ಹಾಕಿ ಸಡಿಲ ಆಗ್ತದೆ" ಎಂದ ಅಂಗಡಿಯವನು. ಇದೇ ಮಾತನ್ನು ನಮ್ಮ ಅಂಗಡಿಯಲ್ಲಿ ನಾನು ಬೇರೆ ಬೇರೆ ಸಾಮಾನಿನ ಬಗ್ಗೆ ದಿನವೂ ಹೇಳುತ್ತಿದ್ದೆ, ಆದರೂ ನಂಬಿದೆ. ಉಮ್ಮ ನನ್ನ ಚೀಲವನ್ನು ಒಂದು ಕೈಯಲ್ಲಿ ಎತ್ತಲು ನೋಡಿದಳು, ಆಗಲಿಲ್ಲ. "ಮೋನೆ, ನೀನು ಕಾಡಿಗೆ ಹೋಗುದಾ, ಅಲ್ಲಿ ಅಂಗಡಿ ಇಡುದಾ?" ಎಂದಳು.

ಬಸ್ಸು, ಆಮೇಲೆ ಹೊಳೆಗೆ ದೋಣಿ, ಆಮೇಲೆ ಮತ್ತೊಂದು ಬಸ್ಸು. ಕಡಬದಲ್ಲಿ ಕುಶಾಲಪ್ಪ ಗೌಡರು ಕಾಯುತ್ತಿದ್ದರು. ಅಲ್ಲಿಂದ ನಡಿಗೆ. ಬಾಪನೂ ಗೌಡರೂ ಬರಿಗಾಲು, ಉಮ್ಮ ಕುಪ್ಪಾಯದ ಮೇಲೆ ತಲೆಬಟ್ಟೆ ಬಿಗಿದು ಕಟ್ಟಿ, ಸೊಂಟಕ್ಕೆ ಉಟ್ಟ ಕಾಚಿ ಸ್ವಲ್ಪ ಮೇಲೆತ್ತಿ ಸಿಕ್ಕಿಸಿ, ಅವಳೂ ಬರಿಗಾಲು. ಶೂ ಹಾಕಿದವನು ನಾನೊಬ್ಬನೇ. ಮೊದಲಿಗೆ ನಾನೇ ಎಲ್ಲರಿಗಿಂತ ಮುಂದೆ. ಗದ್ದೆ ಮುಗಿದು ಮರಗಳು ಶುರುವಾಗುವಾಗ ನಡುವೆ. ಅಂಚಿನ ಮನೆ ಕಾಣುವಾಗ ಎಲ್ಲರಿಗಿಂತ ಹಿಂದೆ, ಕುಂಟುತ್ತ, ಹಲ್ಲು ಕಚ್ಚಿಕೊಂಡು.

ಅಂಚಿನ ಮನೆ ಎಂದರೆ ಅದರಾಚೆ ಮನೆ ಇಲ್ಲ. ಕೇರಳದಿಂದ ಹೊಸತಾಗಿ ಬಂದು ಕಾಡು ಕಡಿದು ಕೂತ ಕ್ರಿಸ್ತಿಯನ್ನರ ಮನೆ ಅದು. ಹುಲ್ಲಿನ ಮಾಡು, ಸುತ್ತ ಮರಗೆಣಸು. ಮನೆಯ ಯಜಮಾನಿ ಏಲಿಯಮ್ಮ ಮಲಯಾಳ ಮಾತಾಡಿದರೆ, ಉಮ್ಮ ನಮ್ಮ ಬ್ಯಾರಿ ಭಾಷೆಯಲ್ಲಿ ಉತ್ತರ ಕೊಟ್ಟಳು. ಎರಡು ಮಾತಿಗೆ ಅವರು ಅಕ್ಕತಂಗಿಯರಾದರು, ಉಮ್ಮ ಅವಳಿಗೆ ಚೇಚಿ, ಅಂದರೆ ಅಕ್ಕ. ನಾನು ಮನೆಯ ಹಿಂಬದಿಗೆ ಹೋಗಿ ಮೊದಲ ಸಲ ಕಾಡನ್ನು ನೋಡಿದೆ. ಏನು ಹೇಳಲಿ? ಮರಗೆಣಸಿನ ಸಾಲು ಮುಗಿದಲ್ಲಿಂದ ಅದು ಎದ್ದು ನಿಂತಿತ್ತು. ಒಂದೊಂದು ಮರದ ಬುಡವೂ ನಮ್ಮ ಅಂಗಡಿಯಷ್ಟು ಅಗಲ. ತಲೆ ಹಿಂದಕ್ಕೆ ಮಾಡಿ ನೋಡಿದೆ, ಕೊಂಬೆ ಶುರುವಾಗುವ ಮೊದಲೇ ಕುತ್ತಿಗೆ ನೋಯಿತು. ಒಳಗಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಸೀದಿಯ ಬಾಗಿಲಲ್ಲಿ ನಿಂತವನ ಹಾಗೆ ನಾನು ಸುಮ್ಮನೆ ನಿಂತೆ. ಕಾಲಿನ ನೋವು ಕೂಡ ಸ್ವಲ್ಪ ಹೊತ್ತು ಮರೆತಿತ್ತು.

ತಿರುಗಿ ಬಂದು ಶೂ ಬಿಚ್ಚಿದಾಗ ಎಲ್ಲ ಬಯಲಾಯಿತು. ಎರಡೂ ಹಿಮ್ಮಡಿಯ ಗುಳ್ಳೆ ಒಡೆದು ಚರ್ಮ ಸುಲಿದಿತ್ತು, ಬಲಗಾಲು ಬಾತು ನೆಲಕ್ಕೆ ಊರಲಿಕ್ಕೆ ಆಗುತ್ತಿರಲಿಲ್ಲ. ಕುಶಾಲಪ್ಪ ಗೌಡರು ನೋಡಿ, "ಇದು ನಡೆಯುವ ಕಾಲು ಅಲ್ಲ ಮಾರಾಯ" ಎಂದರು. ಬಾಪ ಒಂದು ಗಳಿಗೆ ಯೋಚಿಸಿ, "ಹಿಂದೆ ಹೋಗುವ. ಹೂ ಎಲ್ಲಿಗೆ ಹೋಗ್ತದೆ, ಹತ್ತು ದಿನ ಬಿಟ್ಟು ಬರುವ" ಎಂದರು. ಗೌಡರು ಆಕಾಶ ನೋಡಿದರು. ಹಿಂಗಾರಿನ ಒಂದು ಜೋರು ಮಳೆ ಹೊಡೆದರೆ ಗುಡ್ಡೆಯಲ್ಲಿ ಒಂದು ಹೂ ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತು, ಬಾಪನಿಗೂ ಗೊತ್ತು. ಉಮ್ಮ ಬಿಸಿನೀರು ತರಿಸಿ ನನ್ನ ಕಾಲು ತೊಳೆಯುತ್ತ ಕೂತಳು. ಹೋದ ಸಲ ದಡಾರ, ಈ ಸಲ ಶೂ. ಎರಡು ಸಲವೂ ಅವಳಿಗೂ ಆ ಗುಡ್ಡೆಗೂ ನಡುವೆ ನಾನೇ. "ನೀವು ಹೋಗಿ ಉಮ್ಮ, ನಾನು ಇಲ್ಲಿ ಇರ್ತೇನೆ" ಎಂದೆ. ಅವಳು ತಲೆ ಎತ್ತಲಿಲ್ಲ. ನನಗೆ ಅಳು ಬಂತು, ಕಾಲು ನೋವಿಗೆ ಎಂದು ನಟಿಸಿದೆ.

ಇಲ್ಲಿ ಕುಶಾಲಪ್ಪ ಗೌಡರ ಒಂದು ಕ್ರಮದ ಬಗ್ಗೆ ಹೇಳಬೇಕು. ಕಾಡು ಹೊಗುವ ಮೊದಲು ಅಂಚಿನ ಮನೆಯ ಜಗಲಿಯಲ್ಲಿ ಎಲ್ಲರೂ ಗಂಟು ಬಿಚ್ಚಬೇಕು. ಒಬ್ಬೊಬ್ಬರೂ ಒಂದು ವಸ್ತು ಅಲ್ಲಿ ಬಿಟ್ಟು ಹೋಗಬೇಕು. ಬೇಡದ್ದನ್ನಲ್ಲ, ತಿರುಗಿ ಬಂದು ತೆಗೆದುಕೊಳ್ಳಬೇಕು ಅನ್ನಿಸುವಂಥದ್ದನ್ನು. "ಇವನಿಗೆ ಹಿಂದೆ ಹೋಗಲಿಕ್ಕೆ ಉಂಟು ಅಂತ ಕಾಡಿಗೆ ಗೊತ್ತಾಗಬೇಕು. ಹಾಗೆ ಬಿಟ್ಟು ಹೋದವರನ್ನು ಅದು ಇಟ್ಟುಕೊಳ್ಳುದಿಲ್ಲ." ಅವರ ಅಜ್ಜನ ಕಾಲದಿಂದ ಬಂದ ಮಾತಂತೆ. ಇದೆಲ್ಲ ನಂಬ್ತೀರಾ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ಬಾಪ, "ಭಾರ ಹಾಕುದು ಅಲ್ಲಾಹನ ಮೇಲೆಯೇ. ಆದ್ರೆ ಒಟ್ಟಿಗೆ ನಡೆಯುವವರ ಮನಸ್ಸಿಗೆ ನೆಮ್ಮದಿ ಬೇಕಲ್ಲ?" ಎಂದರು.

ಹೋಗುವುದೋ ಹಿಂದೆ ತಿರುಗುವುದೋ ತೀರ್ಮಾನ ಆಗದಿದ್ದರೂ, ಗೌಡರು ಯಾವುದಕ್ಕೂ ಇರಲಿ ಎಂದು ತಮ್ಮ ಗಂಟು ಬಿಚ್ಚಿ, ಬೆಳ್ಳಿಯ ಸುಣ್ಣದ ಡಬ್ಬಿ ತೆಗೆದು ಏಲಿಯಮ್ಮನ ಮುಂದೆ ಇಟ್ಟರು. ಪಾಪ, ಏಲಿಯಮ್ಮ ಇವರನ್ನು ಊರೂರು ತಿರುಗುವ ವ್ಯಾಪಾರಿಗಳು ಎಂದೇ ತಿಳಿದಳು. "ಬೇಡ, ನಮ್ಮಲ್ಲಿ ಯಾರೂ ಎಲೆ ಅಡಿಕೆ ತಿನ್ನುದಿಲ್ಲ" ಎಂದು ಡಬ್ಬಿಯನ್ನು ಹಿಂದಕ್ಕೆ ದೂಡಿದಳು. ಅವಳಿಗೆ ವಿಷಯ ತಿಳಿಸಬೇಕಾದರೆ ಉಮ್ಮನೂ ಬಾಪನೂ ಸೇರಿ ಬೆವರಿದರು.

ಆಮೇಲೆ ಬಾಪ ತಮ್ಮ ಗಂಟು ಬಿಚ್ಚಿದರು. ಯೋಚಿಸಲಿಲ್ಲ, ಹುಡುಕಲಿಲ್ಲ. ಮೇಲಿದ್ದ ಬಿಳಿ ಶರ್ಟು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಏಲಿಯಮ್ಮನಿಗೆ ಕೊಟ್ಟರು. ಮಡಿಕೆ ಮುದುಡಬಾರದು ಎಂದು ಕೈಸನ್ನೆಯಲ್ಲಿ ತೋರಿಸಿದರು. ಲಾವಂಚದ ಪರಿಮಳ ಜಗಲಿಗೆಲ್ಲ ಹಬ್ಬಿತು.

ಉಮ್ಮನ ಕೈ ನನ್ನ ಕಾಲಿನ ಮೇಲೆ ನಿಂತಿತು. "ಅದನ್ನಾ?" ಎಂದಳು.

"ಸಾಹುಕಾರ್ರದ್ದು ಯಾವಾಗಲೂ ಅದೇ ಅಕ್ಕ" ಎಂದರು ಕುಶಾಲಪ್ಪ ಗೌಡರು. "ಮೊದಲು ನನ್ನ ಅತ್ತೆಯ ಮನೆ ಅಂಚಿನ ಮನೆ ಆಗಿತ್ತು. ಆವಾಗಲೂ ಅದೇ. ನಾನು ನೋಡಿದ ಮೇಲೆ ಬೇರೆ ಒಂದು ಬಿಟ್ಟದ್ದಿಲ್ಲ."

ಬಾಪ ಕಾಡಿನ ಕಡೆ ಮುಖ ಮಾಡಿ ನಿಂತಿದ್ದರು. ಕಿವಿ ಕೆಂಪಾಗಿತ್ತು. ಅಷ್ಟು ವರ್ಷ ಬೈಸಿಕೊಂಡರಲ್ಲ, ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನಮ್ಮ ಕಡೆ ಗಂಡಸರು ಇಂಥದ್ದನ್ನು ಹೇಳುವುದಿಲ್ಲ, ಹೆಂಗಸರು ಇಂಥದ್ದನ್ನು ಕೇಳುವುದಿಲ್ಲ. ಉಮ್ಮ ಬಹಳ ಹೊತ್ತು ಅವರ ಬೆನ್ನನ್ನೇ ನೋಡಿದಳು. ಆಮೇಲೆ ನನ್ನ ಕಾಲಿಗೆ ಹಳೆಬಟ್ಟೆ ಸುತ್ತಿ, ಗಂಟು ಹಾಕಿ, ಎದ್ದು ನಿಂತಳು.

"ಗೌಡ್ರೆ, ನಾನೂ ಒಂದು ಬಿಡಬೇಕಲ್ಲ?"

"ಬಿಡಬೇಕು ಅಕ್ಕ. ಕ್ರಮ ಕ್ರಮವೇ."

"ಹಾಗಾದ್ರೆ ಇವನನ್ನು ಬಿಡ್ತೇನೆ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು. "ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಬೇರೆ ಇಲ್ಲ."

ಗೌಡರಿಗೂ ಇದು ಹೊಸತು, ಅವರ ಅಜ್ಜನ ಕಾಲದಲ್ಲಿ ಹೀಗೆ ಯಾರೂ ಮಗನನ್ನು ಜಗಲಿಯಲ್ಲಿ ಇಟ್ಟು ಹೋದದ್ದಿಲ್ಲ. ಮೊದಲು ನಕ್ಕದ್ದು ಏಲಿಯಮ್ಮ. "ಇದನ್ನು ಇಟ್ಟುಕೊಳ್ತೇನೆ, ಆದ್ರೆ ಇದಕ್ಕೆ ತಿನ್ನಲಿಕ್ಕೂ ಕೊಡಬೇಕಲ್ಲ ಚೇಚಿ?" ಎಂದಳು. ಮರುದಿನ ಬೆಳಿಗ್ಗೆ ಅವರು ಮೂವರೂ ಹೊರಟರು. ಉಮ್ಮ ಮರಗೆಣಸಿನ ಸಾಲು ದಾಟಿ, ಒಂದು ಸಲವೂ ತಿರುಗಿ ನೋಡದೆ, ಆ ಮರಗಳ ಒಳಗೆ ಹೊಕ್ಕಳು. ಮನೆಯ ಅಂಗಳದಿಂದಾಚೆ ಒಬ್ಬಳೇ ನಡೆಯದ ನನ್ನ ಉಮ್ಮ. ಅವಳ ಬಿಳಿ ತಲೆಬಟ್ಟೆ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ನನಗಾದದ್ದು ಹೆದರಿಕೆಯೋ ಹೆಮ್ಮೆಯೋ ಆಗ ಗೊತ್ತಾಗಲಿಲ್ಲ.

ಹೀಗೆ ನಾನು, ಟಾರ್ಚು ಚೂರಿ ಬಾಟ್ಲಿ ಸೀಟಿ ಸಮೇತ, ಒತ್ತೆಯಿಟ್ಟ ಪಾತ್ರೆಯ ಹಾಗೆ ಏಲಿಯಮ್ಮನ ಜಗಲಿಯಲ್ಲಿ ಉಳಿದೆ. ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ. ಹಗಲಿಡೀ ಕಾಡು ನೋಡುವುದೇ ಕೆಲಸ. ಮಂಗಟ್ಟೆ ಹಕ್ಕಿ ಮೇಲಿಂದ ಹಾರಿದರೆ ರೆಕ್ಕೆಯ ಸದ್ದಿಗೇ ತಗ್ಗಿ ಕೂರಬೇಕು ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಏಲಿಯಮ್ಮ ಕೆಳಗಿನ ತೋಡಿನಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಕಾಲು ನೀರಿಗೆ ಬಿಟ್ಟು ಕೂತಿದ್ದೆ. ಇದ್ದಕ್ಕಿದ್ದಂತೆ ಅವಳು ಒಗೆಯುವುದನ್ನು ನಿಲ್ಲಿಸಿ, "ಮೋನೆ, ಅಲ್ಲಾಡಬೇಡ" ಎಂದು ಉಸಿರಲ್ಲೇ ಹೇಳಿದಳು. ಆಚೆ ದಡದಲ್ಲಿ ಆನೆಗಳು. ಬಂದದ್ದು ಕೇಳಲೇ ಇಲ್ಲ. ಅಷ್ಟು ದೊಡ್ಡ ಜೀವಗಳು ಒಂದರ ಹಿಂದೆ ಒಂದು, ಎಲೆ ಕೂಡ ಅಲ್ಲಾಡದ ಹಾಗೆ ನೀರಿಗಿಳಿದವು. ನಡುವೆ ಒಂದು ಮರಿ, ತಾಯಿಯ ಹೊಟ್ಟೆಯಡಿಯಲ್ಲಿ. ತಾಯಿ ಒಂದು ಗಳಿಗೆ ನಿಂತು ನಮ್ಮ ಕಡೆ ನೋಡಿತು. ನಾನು ಉಸಿರು ಬಿಡಲಿಲ್ಲ. ಆಮೇಲೆ ಅವು ದಾಟಿ ಹೋದವು, ನೀರು ತಿಳಿಯಾಯಿತು. ಸೀಟಿ ನನ್ನ ಕುತ್ತಿಗೆಯಲ್ಲೇ ಇತ್ತು. ಅದು ಇದೆ ಎಂಬುದೇ ನೆನಪಾಗಲಿಲ್ಲ. ಏಲಿಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ನಾನು ಬಾಯಿಗೆ ಬಂದ ದುವಾ ಹೇಳಿಕೊಂಡೆ. ಇವತ್ತಿಗೂ ಆ ಕಣ್ಣು ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಅವರು ತಿರುಗಿ ಬಂದದ್ದು ಒಂದು ಸಂಜೆ, ಮಳೆಯ ಮೊದಲ ಹನಿ ಬೀಳುವಾಗ. ಮೊದಲು ಗೌಡರು, ಹಿಂದೆ ಬಾಪ, ಅವರ ಹಿಂದೆ ಉಮ್ಮ. ಕಾಲಲ್ಲಿ ಇಂಬಳ ಕಚ್ಚಿದ ರಕ್ತ, ಕುಪ್ಪಾಯ ಒಂದು ಕಡೆ ಹರಿದಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು. ಆ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ಯಾರೋ ಬೇರೆ ಹೆಂಗಸು ಬಂದ ಹಾಗೆ ಇತ್ತು. ಅವಳು ನನ್ನ ಮುಂದೆ ಕೂತು, ಕಾಲಿನ ಬಟ್ಟೆ ಬಿಚ್ಚಿ, ಗಾಯ ಒಣಗಿದೆಯೇ ಎಂದು ನೋಡಿದಳು.

"ಎಂತ ಕಂಡಿತು ಉಮ್ಮ?"

ಅವಳು ಬಟ್ಟೆಯನ್ನು ತಿರುಗಿ ಸುತ್ತಿ ಕಟ್ಟಿದಳು. ಆಮೇಲೆ, "ನಿನ್ನ ಬಾಪ ಇಷ್ಟು ವರ್ಷ ಸುಳ್ಳೇ ಹೇಳಿದ್ದು ಮೋನೆ" ಎಂದಳು. "ಕಮ್ಮಿ ಹೇಳಿದ್ರು."

ಅಷ್ಟೇ. ಅದಕ್ಕಿಂತ ಹೆಚ್ಚು ಅವಳು ಯಾವತ್ತೂ ಹೇಳಲಿಲ್ಲ. ಮೇಲೆ ನಡೆದದ್ದನ್ನು ಹೇಳಿದವರು ಬಾಪ. ನೆತ್ತಿ ಹತ್ತಿ ನೀಲಿ ಎದುರಾದಾಗ ಉಮ್ಮ ಮುಂದೆ ಹೆಜ್ಜೆ ಇಡಲಿಲ್ಲವಂತೆ. ಗುಡ್ಡೆಯಿಡೀ ಜೇನುನೊಣದ ಸದ್ದು. ಅವಳು ಕೆದರಿದ ತಲೆಬಟ್ಟೆಯನ್ನು ಬಿಚ್ಚಿ, ಕೊಡವಿ, ಸರಿಯಾಗಿ ಹೊದ್ದುಕೊಂಡು, ದೊಡ್ಡವರ ಮನೆಯ ಒಳಗೆ ಹೋಗುವ ಹಾಗೆ ಮೆಲ್ಲನೆ ಒಳಗೆ ಹೋದಳಂತೆ.

ಹೊರಡುವಾಗ ಏಲಿಯಮ್ಮ ಗೌಡರ ಡಬ್ಬಿ ಕೊಟ್ಟಳು, ಶರ್ಟು ತಂದಳು. ಬಾಪ ಕೈ ಚಾಚಿದರು. ಉಮ್ಮ ನಡುವೆ ಬಂದು ತಾನೇ ತೆಗೆದುಕೊಂಡು, ಅಷ್ಟು ವರ್ಷ ಕದಲದ ಆ ಮಡಿಕೆಯನ್ನು ಬಿಚ್ಚಿ, ಒಮ್ಮೆ ಕೊಡವಿ, "ಹಾಕಿ" ಎಂದಳು. ಬಾಪ ಹಾಕಿಕೊಂಡರು. ಗುಂಡಿಯನ್ನು ಮಾತ್ರ ತಪ್ಪು ತಪ್ಪಾಗಿ ಹಾಕಿದರು. ಕಡಬದವರೆಗೂ ಆ ಬಿಳಿ ಶರ್ಟು ನನ್ನ ಮುಂದೆ ನಡೆಯಿತು, ಅದರ ಪಕ್ಕದಲ್ಲಿ ಉಮ್ಮ.

ನಾನು ಬರಿಗಾಲಲ್ಲಿ ಕುಂಟುತ್ತ ಹಿಂದೆ. ಶೂ ನನ್ನ ಚೀಲದಲ್ಲಿ ಇತ್ತು, ಒಂದು. ಇನ್ನೊಂದನ್ನು ಏಲಿಯಮ್ಮನ ಮಂಚದಡಿಗೆ ದೂಡಿ ಬಂದಿದ್ದೆ. ಯಾರಿಗೂ ಹೇಳಲಿಲ್ಲ. ಗೌಡರ ಕ್ರಮ ನನ್ನ ಪಾಲಿಗೂ ಇರಲಿ ಎಂದು, ಕಾಡಿಗಲ್ಲ, ಊರಿಗೆ ಹೋಗುವವ ನಾನು, ಅಲ್ಲಿ ಒಂದು ಬಿಟ್ಟೆ. ಅದನ್ನು ತೆಗೆದುಕೊಳ್ಳಲಿಕ್ಕೆ ಒಂದು ದಿನ ತಿರುಗಿ ಬರಬೇಕಲ್ಲ. ನನ್ನ ಕ್ರಮ ತಿರುಗುಮುರುಗು, ಆದರೂ ಕ್ರಮವೇ.

ಮತ್ತೆ ಹೂ ಬಿಟ್ಟಾಗ ಬಾಪ ಇರಲಿಲ್ಲ, ನನಗೆ ಅಂಗಡಿ ಬಿಟ್ಟು ಹೋಗಲು ಆಗಲಿಲ್ಲ. ಅದರ ನಂತರದ ಸಲ ಮಗಳ ಮದುವೆ. ಮೊನ್ನೆ ಕಡಬದ ಕಡೆಯವರೊಬ್ಬರು ಸಿಕ್ಕಿ, ಗುಡ್ಡೆ ಮೊಗ್ಗು ಕಟ್ಟಿದೆ ಎಂದರು. ಏಲಿಯಮ್ಮನ ಮನೆಯೀಗ ತಾರಸಿ ಮನೆಯಂತೆ, ಮಂಚ ಉಂಟೋ ಇಲ್ಲವೋ. ನನ್ನ ಮೊಣಕಾಲುಗಳಿಗೂ ಉಮ್ಮನ ಮೊಣಕಾಲಿನ ವಯಸ್ಸಾಗಿದೆ.

ಇಷ್ಟನ್ನು ಕೇಳಿ ಮೈಮೂನ ಶೂವಿನ ಹೊಟ್ಟೆಯಿಂದ ಮೊಳೆ, ಕೀಲಿಕೈ ಎಲ್ಲ ಸುರಿದು, ಸೆರಗಿನಿಂದ ಅದರ ಧೂಳು ಒರೆಸಿದಳು. ಎದ್ದು ಅಡುಗೆಕೋಣೆಯ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

"ಅಕ್ಕಿಹುಡಿ ನಾನು ಹುರಿತೇನೆ, ಅದು ದೊಡ್ಡ ಸಂಗತಿ ಅಲ್ಲ" ಎಂದಳು. "ಆದ್ರೆ ಅಲ್ಲಿ ಬಿಟ್ಟು ಹೋಗಲಿಕ್ಕೆ ನಿಮ್ಮದು ಯಾವ ಶರ್ಟು ಇಸ್ತ್ರಿ ಮಾಡುದು?"